ಈಜು ಅಭ್ಯಾಸಕ್ಕೆ ಟಚ್‌ಪ್ಯಾಡ್ ಇಳಿಸಿದ ಮೇಲೆ: ನನ್ನ ಅನುಭವ

ಬೆಂಗಳೂರಿನ 25 ಮೀಟರ್ ಕೊಳವೊಂದರಲ್ಲಿ ಮಕ್ಕಳಿಗೆ ಸ್ಪರ್ಧೆಯ ಈಜು ಕಲಿಸುವ ನಾನು ಬಹಳ ವರ್ಷ ಸ್ಟಾಪ್‌ವಾಚನ್ನೇ ನಂಬಿಕೊಂಡಿದ್ದೆ. ಎರಡು ಟಚ್‌ಪ್ಯಾಡ್ (ಈಜುಗಾರ ಮುಟ್ಟಿದೊಡನೆ ಸಮಯ ದಾಖಲಾಗುವಂತೆ ಕೊಳದ ಗೋಡೆಗೆ ತೂಗುಹಾಕುವ ಫಲಕ), ಒಂದು ಟೈಮರ್ ಮತ್ತು ಅದಕ್ಕೆ ಜೋಡಿಸಿದ ಹಾರ್ನ್ ನಮ್ಮ ಕೈಸೇರಿದಾಗ, ಅವನ್ನು ಸ್ಪರ್ಧೆಗಳಿಗೆಂದು ಎತ್ತಿಡದೆ ವಾರಕ್ಕೆ ಎರಡು ದಿನ ಅಭ್ಯಾಸದಲ್ಲೇ ಬಳಸಲು ನಿರ್ಧರಿಸಿದೆ.

ಮೊದಲ ವಾರ ಪ್ಯಾಡ್ ಮತ್ತು ಸ್ಟಾಪ್‌ವಾಚ್ ಎರಡರಲ್ಲೂ ಸಮಯ ಹಿಡಿದೆ. ನನ್ನ ವಾಚಿನ ಸಮಯ ಹೆಚ್ಚುಕಡಿಮೆ ಪ್ರತಿ ಸಲವೂ ಕಡಿಮೆ ಬಂತು. ಹಾರ್ನ್ ಕೇಳಿ ಹೆಬ್ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಮುಗಿಸುವಾಗಲಾದರೋ ಕೈ ಗೋಡೆಯತ್ತ ಬರುವುದು ಕಣ್ಣಿಗೆ ಕಾಣುವುದರಿಂದ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ನನಗೆ ನಿಜವಾಗಿ ನೋವಾದದ್ದು ಬೇರೊಂದು ಸಂಗತಿಯಿಂದ: ನಾನು ಹೆಚ್ಚು ಭರವಸೆ ಇಟ್ಟಿದ್ದ ಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿತ್ತು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಈಜಿ ಟೋಕಿಯೊ ಒಲಿಂಪಿಕ್ಸ್‌ಗೆ ‘ಎ’ ಅರ್ಹತೆ, ಅಂದರೆ ನೇರ ಅರ್ಹತೆ, ಪಡೆದಾಗ, ದಾಟಬೇಕಿದ್ದ ಗಡಿ 53.85 ಆಗಿತ್ತು. ಆ 0.08 ಸೆಕೆಂಡ್ ನನ್ನ ಹೆಬ್ಬೆರಳಿನ ತಪ್ಪಿನೊಳಗೆ ಮುಳುಗಿಹೋಗುವಷ್ಟು ಚಿಕ್ಕದು.

ಪ್ಯಾಡ್ ಅಲೆಗೆ ಸ್ಪಂದಿಸುವುದಿಲ್ಲ, ಒತ್ತಡಕ್ಕೆ ಮಾತ್ರ ಸ್ಪಂದಿಸುತ್ತದೆ. ಕೊನೆಯ ಎರಡು ಮೀಟರನ್ನು ತೇಲಿಕೊಂಡು ಬಂದು ಬೆರಳ ತುದಿಯಿಂದ ಸವರುತ್ತಿದ್ದ ಮಕ್ಕಳಿಗೆ, ಬೋರ್ಡಿನಲ್ಲಿ ಸಮಯ ಓಡುತ್ತಲೇ ಇರುವುದನ್ನು ಕಂಡ ಮೇಲೆ ನಾನು ತಿದ್ದಬೇಕಾಗಿಯೇ ಬರಲಿಲ್ಲ. ಆದರೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಟಿದವೇ ಎಂಬುದನ್ನು ಪ್ಯಾಡ್ ಹೇಳಲಾರದು; ಅದನ್ನು ಈಗಲೂ ಗೋಡೆಯ ಪಕ್ಕ ನಿಂತು ಕಣ್ಣಿನಿಂದಲೇ ನೋಡುತ್ತೇನೆ.

ಒಂದು ತಪ್ಪನ್ನು ನಾನೇ ಮಾಡಿದೆ. ಗೋಡೆ ಮುಟ್ಟಿ ತಿರುಗುವ ಟರ್ನ್‌ನಲ್ಲಿ ಒಂದೇ ಸ್ಪರ್ಶ ಎರಡು ಸಲ ದಾಖಲಾಗದಿರಲೆಂದು ಟೈಮರ್ ಕೆಲವು ಸೆಕೆಂಡ್ ಆ ಪ್ಯಾಡನ್ನು ಮುಚ್ಚಿಡುತ್ತದೆ. ಉದ್ದದ ಈಜಿಗೆ ಇಟ್ಟಿದ್ದ ಆ ಅವಧಿಯನ್ನು ಬದಲಿಸದೆ 25 ಮೀಟರಿನ ಸೆಟ್ (ಒಂದೇ ದೂರವನ್ನು ಮತ್ತೆ ಮತ್ತೆ ಈಜುವ ಅಭ್ಯಾಸ) ಆರಂಭಿಸಿದ್ದರಿಂದ ಒಂದಿಡೀ ಬೆಳಗಿನ ಸ್ಪರ್ಶಗಳು ದಾಖಲಾಗದೇ ಹೋದವು. ಹಾಗಾಗಿ ಸೆಟ್ ಬದಲಾದಾಗಲೆಲ್ಲ ಮೊದಲು ಆ ಅಂಕಿಯನ್ನು ನೋಡುತ್ತೇನೆ.

ಈ ಸಲಕರಣೆಯಿಂದ ನನಗೆ ದೊರೆತ ದೊಡ್ಡ ಲಾಭ ಸ್ಪ್ಲಿಟ್‌ಗಳದ್ದು, ಅಂದರೆ ಈಜಿನ ಒಂದೊಂದು ಭಾಗಕ್ಕೆ ಹಿಡಿದ ಬಿಡಿ ಸಮಯಗಳದ್ದು. 200 ಮೀಟರ್ ಫ್ರೀಸ್ಟೈಲ್ ಈಜುವ ಹದಿನಾಲ್ಕರ ಹುಡುಗಿಯೊಬ್ಬಳು ಕೊನೆಯಲ್ಲಿ ಸೋಲುತ್ತಾಳೆಂದು ನಂಬಿ, ತಿಂಗಳುಗಟ್ಟಲೆ ಅವಳಿಂದ ಕೊನೆಯ ಓಟದ ಅಭ್ಯಾಸವನ್ನೇ ಮಾಡಿಸಿದ್ದೆ. ಪ್ಯಾಡ್ ತೋರಿಸಿದ ನಾಲ್ಕು 50ಗಳು 31.84, 35.12, 37.05 ಮತ್ತು 35.49 ಸೆಕೆಂಡ್. ಅವಳು ಕಳೆದುಕೊಳ್ಳುತ್ತಿದ್ದದ್ದು ಮೂರನೆಯದರಲ್ಲಿ, ಅದೂ ಮೊದಲ 50ಕ್ಕೆ ಅತಿಯಾಗಿ ಶಕ್ತಿ ಸುರಿದದ್ದರಿಂದ. ಅಂದಿನಿಂದ ಮೊದಲ 50ನ್ನು ತಡೆದು ಈಜಿ, ನಂತರದವನ್ನು ಸಮವಾಗಿ ಹಿಡಿಯುವ 150 ಮೀಟರಿನ ಸೆಟ್‌ಗಳನ್ನು ಕೊಟ್ಟೆ. ಅವಳ ದೋಷವೆಂದು ನಾನು ಹೇಳುತ್ತಿದ್ದದ್ದು ನನ್ನ ಊಹೆಯ ದೋಷವಾಗಿತ್ತೆಂದು ಅವಳಿಗೂ ಹೇಳಿದೆ.

25 ಮೀಟರಿನ ಸ್ಪ್ಲಿಟ್ ಬೇಕಾದಾಗ ಎರಡೂ ಪ್ಯಾಡ್‌ಗಳನ್ನು ಒಂದೇ ಲೇನಿನ ಎರಡು ತುದಿಗೆ ತೂಗುಹಾಕುತ್ತೇನೆ. ಒಂದೊಂದು ಪ್ಯಾಡ್ ಒಂದು ಸೆಂಟಿಮೀಟರ್ ದಪ್ಪವಿರುವುದರಿಂದ ಕೊಳ ಎರಡು ಸೆಂಟಿಮೀಟರ್ ಗಿಡ್ಡವಾಗುತ್ತದೆ. ಆ ದಿನದ ಸಮಯಗಳನ್ನು ಬೇರೆ ದಿನದವುಗಳೊಂದಿಗೆ ಹೋಲಿಸುವುದಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ (ನಾಲ್ಕೂ ಶೈಲಿಗಳನ್ನು ಒಬ್ಬರೇ ಈಜುವ ಸ್ಪರ್ಧೆ) ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕ್ಕೀ ಅವರನ್ನು 0.002 ಸೆಕೆಂಡಿನಿಂದ ಸೋಲಿಸಿದರು. ಆ ವೇಗದಲ್ಲಿ ಅದು ಸುಮಾರು ಮೂರು ಮಿಲಿಮೀಟರ್. ಕೊಳದ ಲೇನುಗಳೇ ಅಷ್ಟು ಕರಾರುವಾಕ್ಕಾಗಿ ಒಂದೇ ಉದ್ದ ಇರುವುದಿಲ್ಲ. ಮುಂದೆ ಫಲಿತಾಂಶವನ್ನು ಸೆಕೆಂಡಿನ ನೂರನೇ ಭಾಗಕ್ಕೇ ನಿಲ್ಲಿಸಿದರು. ಅಭ್ಯಾಸದಲ್ಲಿ ನಾನು ಹತ್ತನೇ ಭಾಗಕ್ಕಿಂತ ಕಡಿಮೆಯ ಏರಿಳಿತಕ್ಕೆ ಅರ್ಥ ಹುಡುಕುವುದಿಲ್ಲ.

ಕೆಲಸ ಮುಗಿದೊಡನೆ ಪ್ಯಾಡನ್ನು ಸಿಹಿನೀರಿನಲ್ಲಿ ತೊಳೆದು, ಕನೆಕ್ಟರುಗಳನ್ನು ಒರೆಸಿ, ನೆರಳಿನಲ್ಲಿ ಒಣಗಿಸುತ್ತೇವೆ. ಪ್ಯಾಡ್ ಇಲ್ಲದ ದಿನಗಳಲ್ಲಿ ಸ್ಟಾಪ್‌ವಾಚ್ ಮತ್ತೆ ಕೈಗೆ ಬರುತ್ತದೆ. ಆ ಸಮಯಗಳನ್ನು ಮಕ್ಕಳು ತಮ್ಮ ಪುಸ್ತಕದಲ್ಲಿ ಪಕ್ಕಕ್ಕೆ ‘ಕೈ’ ಎಂದು ಗುರುತು ಹಾಕಿ ಬೇರೆಯಾಗಿ ಬರೆದಿಡುತ್ತಾರೆ.