ರಾಯಚೂರಿನ ಬಿಸಿಲಲ್ಲಿ ರಾಟ್‌ವೀಲರ್ ಸಾಕುವುದು ಹೇಗೆ?

"ಕಾವಲಿಗೆ ಒಂದು ರಾಟ್‌ವೀಲರ್ ಮರಿ ಕೊಡಿಸ್ರಿ, ಗೇಟಿಗೆ ಕಟ್ಟಿ ಹಾಕ್ತೀನಿ." ಹೀಗೆ ಕೇಳುವವರಿಗೆ ನನ್ನದು ಒಂದೇ ಮಾತು: ಕಟ್ಟಿ ಹಾಕುವುದಾದರೆ ತರಲೇಬೇಡಿ. ದಿನವಿಡೀ ಸರಪಳಿಯಲ್ಲಿರುವ ನಾಯಿಗೆ ಹಾಲಿನವ ಯಾರು, ಕಳ್ಳ ಯಾರು ಅಂತ ತಿಳಿಯುವುದಾದರೂ ಹೇಗೆ? ಸಿಟ್ಟು ಮಾತ್ರ ಬೆಳೆಯುತ್ತದೆ.

ಜರ್ಮನಿಯ ರಾಟ್‌ವೈಲ್ ಊರಿನ ಕಟುಕರು ದನ ಹೊಡೆದುಕೊಂಡು ಹೋಗಲು, ಗಾಡಿ ಎಳೆಸಲು ಸಾಕುತ್ತಿದ್ದ ತಳಿಯಿದು. ಗಂಡು ನಾಯಿ 50 ಕೆ.ಜಿ. ಆಸುಪಾಸು ತೂಗುತ್ತದೆ. ಮನೆಯವರ ಹಿಂದೆ ನೆರಳಿನಂತೆ ಓಡಾಡುತ್ತದೆ, ಹೊಸಬರನ್ನು ದೂರದಿಂದ ಅಳೆಯುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಹೇಳಿದ 23 ತಳಿಗಳಲ್ಲಿ ಇದೂ ಇತ್ತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡಿತು. ಆದರೂ ನಾಯಿ ಯಾರನ್ನಾದರೂ ಕಚ್ಚಿದರೆ ಹೊಣೆ ನಿಮ್ಮದೇ.

ಮೊದಲು ಮರಿ. ಎಂಟು ವಾರ ತುಂಬುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ತಾಯಿಯ ಗುಣ ಕಣ್ಣಾರೆ ನೋಡಿ. ತಂದೆ ತಾಯಿಯ ಸೊಂಟದ ಎಕ್ಸ್‌ರೇ ಇದೆಯಾ ಕೇಳಿ, ಈ ತಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗವೂ ಬೇಗ ತಗಲುತ್ತದೆ, ಲಸಿಕೆ ತಪ್ಪಿಸಬೇಡಿ. ಲಸಿಕೆ ಮುಗಿಯುವ ತನಕ ಬೀದಿಗೆ ಇಳಿಸಬಾರದು ನಿಜ. ಹಾಗಂತ ಕೋಣೆಯಲ್ಲಿ ಕೂಡಿ ಹಾಕಬೇಡಿ. ಎತ್ತಿಕೊಂಡು ಹೋಗಿ ಆಟೋ, ಮಕ್ಕಳು, ಕೊಡೆ ಹಿಡಿದವರು, ಎಮ್ಮೆ ಎಲ್ಲ ತೋರಿಸಿ. ಮೂರೂವರೆ ನಾಲ್ಕು ತಿಂಗಳೊಳಗೆ ಕಂಡದ್ದು ಮುಂದೆ ಅಷ್ಟಾಗಿ ಭಯ ಹುಟ್ಟಿಸುವುದಿಲ್ಲ.

ಇನ್ನು ಬಿಸಿಲು. ನಮ್ಮೂರಲ್ಲಿ ಇದೇ ದೊಡ್ಡ ಕೆಲಸ. ನಾನೂ ಮೊದಲ ವರ್ಷ ತಗಡಿನ ಶೆಡ್ ಹಾಕಿಸಿ ಬೀಗಿದ್ದೆ. ಏಪ್ರಿಲ್‌ನಲ್ಲಿ ಒಳಗೆ ಕೈಯಿಟ್ಟರೆ ರೊಟ್ಟಿ ಹಂಚು! ಕಪ್ಪು ಮೈ ಬೇರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣ್ಣಗಾಗಬೇಕು. ಈಗ ಮಧ್ಯಾಹ್ನ ಅದಕ್ಕೆ ನಡುಮನೆಯ ಬಂಡೆ ನೆಲ, ಮೇಲೊಂದು ಫ್ಯಾನು. ನೀರು ಎರಡು ಕಡೆ ಇಡಿ. ವಾಕಿಂಗ್ ಬೆಳಿಗ್ಗೆ ಆರರೊಳಗೆ, ಇಲ್ಲವೇ ಕತ್ತಲಾದ ಮೇಲೆ. ಅಂಗೈ ಹಿಂಬದಿಯನ್ನು ಐದು ಸೆಕೆಂಡ್ ರಸ್ತೆ ಮೇಲಿಡಿ, ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ಕೂದಲು ಬೋಳಿಸುವುದು ಬೇಡ.

ತೇಕುವುದು ನಿಲ್ಲದೆ, ಜೊಲ್ಲು ದಪ್ಪಗಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ಮೈಗೆಲ್ಲ ಹರವಿಯ ತಣ್ಣೀರು ಸುರಿಯಿರಿ, ಹೊಟ್ಟೆ, ತೊಡೆಸಂದು ಬಿಡಬೇಡಿ. ಗಾಳಿ ಹಾಕುತ್ತಲೇ ಪಶು ಆಸ್ಪತ್ರೆಗೆ ಹೊರಡಿ. ಒದ್ದೆ ಗೋಣಿಚೀಲ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಊಟದಲ್ಲಿ ಎಲ್ಲರೂ ಮಾಡುವ ತಪ್ಪು ಕ್ಯಾಲ್ಸಿಯಂ ಸಿರಪ್. ಮೂಳೆ ಗಟ್ಟಿಯಾಗಲಿ ಅಂತ ಕುಡಿಸುತ್ತಾರೆ. ದೊಡ್ಡ ತಳಿಯ ಮರಿಗೆ ಅದು ಹೆಚ್ಚಾದರೆ ಮೂಳೆಯೇ ಸೊಟ್ಟ ಬೆಳೆಯುತ್ತದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಹಾಕುತ್ತಿದ್ದರೆ ಬೇರೆ ಏನೂ ಬೇಡ. ಉಳಿದ ಸಾರು, ಚಟ್ನಿಯೂ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಉಣ್ಣಿ ಜ್ವರ ತರುತ್ತದೆ, ಕಿವಿ, ಬೆರಳ ಸಂದು ದಿನಾ ನೋಡಿ.

ದೊಡ್ಡ ನಾಯಿಗೂ ದಿನಕ್ಕೆ ಎರಡು ಹೊತ್ತು ಹಂಚಿ ಹಾಕಿ. ಉಂಡ ಕೂಡಲೇ ಓಡಿಸಬೇಡಿ, ಈ ಎದೆಯಗಲದ ನಾಯಿಗಳಿಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ಎಷ್ಟು ಓಕರಿಸಿದರೂ ಏನೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ರಾತ್ರಿ ಫೋನ್ ಎತ್ತುವ ಡಾಕ್ಟರ್ ಯಾರು ಅಂತ ಮರಿ ತರುವ ಮುಂಚೆಯೇ ಕೇಳಿಟ್ಟುಕೊಳ್ಳಿ.