ಆಷಾಢದ ಗಾಳಿಯಲ್ಲಿ ಹಿತ್ತಾಳೆ ಸ್ಟೋವ್

ಕೊನೆಗೂ ಚಹಾ ಆಯ್ತು. ಗದಗ ಜಿಲ್ಲೆಯ ಡೋಣಿ ಹತ್ತಿರ ಗೆಳೆಯನ ಹೊಲದ ಬದುವಿನಲ್ಲಿ, ಆಷಾಢದ ಗಾಳಿಯಲ್ಲಿ, ನನ್ನ ಹಳೇ ಸೀಮೆಎಣ್ಣೆ ಪಂಪ್ ಸ್ಟೋವ್ ಪ್ರೈಮಸ್ 96ರ ಮೇಲೆ. ಪಕ್ಕದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಒಳಗೆ ಬೆಂಕಿ ಹಚ್ಚುವ ಮಾತೇ ಇಲ್ಲ. ಅದಕ್ಕೇ ಈ ಬದು. ಗಾಳಿ ಮಾತ್ರ ಇಲ್ಲೂ ಅಷ್ಟೇ, ಎದುರಿಗಿನ ಗಾಳಿಯಂತ್ರಗಳೇ ಸಾಕ್ಷಿ.

ಸ್ಟೋವ್ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ. ಸಣ್ಣ ತಗಡಿನ ಡಬ್ಬಿ, ಒಳಗೆ ಕಪ್ಪುಗಟ್ಟಿದ ಹಿತ್ತಾಳೆ. ಅಂಗಡಿಯವ ತೂಕಕ್ಕೆ ಹಾಕಿ ಐನೂರೋ ಐನೂರೈವತ್ತೋ ತಗೊಂಡ. ರಿಪೇರಿ ಮುಗಿಯುವಷ್ಟರಲ್ಲಿ ಎರಡು ಸಾವಿರ ದಾಟಿತ್ತು. ಮನೆಯಲ್ಲಿ ಹೇಳಿದ್ದು ಎಂಟುನೂರು.

ಮೊದಲು ಕೈಕೊಟ್ಟಿದ್ದು ಪಂಪ್. ಚರ್ಮದ ವಾಷರ್ ಒಣಗಿ ಹಪ್ಪಳ. ರಬ್ಬರಿನದು ಹಾಕಿ ನೋಡಿದೆ, ಎರಡೇ ದಿನಕ್ಕೆ ಸೀಮೆಎಣ್ಣೆ ಕುಡಿದು ಉಬ್ಬಿ ಸಿಕ್ಕಿಕೊಂಡಿತು. ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ ಚರ್ಮ ಕತ್ತರಿಸಿಕೊಂಡೆ. ಒಂದು ದಪ್ಪ ಆಯ್ತು, ಇನ್ನೊಂದು ಬಟ್ಟಲಾಗಲಿಲ್ಲ, ಮೂರನೆಯದು ಕೂತಿತು. ಯಾವ ಎಣ್ಣೆಯಲ್ಲಿ ಎಷ್ಟು ದಿನ ನೆನೆಸಿದೆ, ಯಾವುದರ ಮೇಲೆ ಒತ್ತಿ ಬಟ್ಟಲು ಮಾಡಿದೆ ಅನ್ನೋದು ನನ್ನ ಹತ್ತಿರಾನೇ ಇರಲಿ.

ಆಮೇಲೆ ನಿಪ್ಪಲ್, ಅಂದರೆ ಸೀಮೆಎಣ್ಣೆ ಆವಿ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ. ತೂತು ಬಿಡಿಸುವ ಪಿನ್ ಸಿಗಲಿಲ್ಲ ಅಂತ ಹೊಲಿಗೆ ಸೂಜಿ ಚುಚ್ಚಿದೆ. ತೂತು ಅಗಲವಾಯ್ತು. ಹಳದಿ ಉರಿ, ಪಾತ್ರೆ ತಳಕ್ಕೆ ಕಾಡಿಗೆ. ಕಂಚಗಾರ ಗಲ್ಲಿ ಕಡೆ ನಾಲ್ಕು ಅಂಗಡಿ ಸುತ್ತಿದ ಮೇಲೆ ಹೊಸದು ಸಿಕ್ಕಿತು. "ಇದನ್ನ ಕೇಳೋರು ಬಂದು ಎಷ್ಟ್ ವರ್ಷ ಆತ್ರೀ" ಅಂತ ಮರುಗಿದ ಅಂಗಡಿಯವರು ರೇಟು ಹೇಳುವಾಗ ಮರುಗಲಿಲ್ಲ.

ಬರ್ನರ್ ಬುಡದ ಸೀಸದ ವಾಷರ್ ಮಾತ್ರ ಹೆದರಿಸಿತು. ಬಿಗಿ ಸಾಲದೆ ಅಲ್ಲಿಂದಲೇ ಉರಿ ಎದ್ದಿತು. ಒದ್ದೆ ಗೋಣಿಚೀಲ ಹೊದಿಸಿ ಆರಿಸಿದೆ. ಅವತ್ತಿನಿಂದ ಗೋಣಿಚೀಲ ನೆನೆಸದೆ ಕಡ್ಡಿ ಗೀರುವುದಿಲ್ಲ.

ಇಷ್ಟಾಗಿಯೂ ಹೊಲದಲ್ಲಿ ಮೊದಲ ಸಲ ಮಾನ ಹೋಯ್ತು. ಬರ್ನರ್ ಕಾಯಿಸಲು ಅದರ ಬುಡದ ಬಟ್ಟಲಲ್ಲಿ ಹಾಕಿದ ಸ್ಪಿರಿಟ್ಟಿನ ಉರಿಯನ್ನು ಗಾಳಿ ಹಾರಿಸಿಕೊಂಡು ಹೋಯಿತು. ಬರ್ನರ್ ಕಾಯಲೇ ಇಲ್ಲ. ಪಂಪ್ ಹೊಡೆದರೆ ಹಸಿ ಸೀಮೆಎಣ್ಣೆ ಚಿಮ್ಮಿ ಮೊಳದುದ್ದ ಉರಿ. "ಲೇ, ಇದು ಮ್ಯೂಸಿಯಮ್ಮಿನ ಸಾಮಾನು, ಒಯ್ದು ಶೋಕೇಸ್‌ನ್ಯಾಗ ಇಡು" ಅಂದ ಗೆಳೆಯ. 1911ರಲ್ಲಿ ನಾರ್ವೆಯ ಆಮುಂಡ್‌ಸನ್ ಪ್ರೈಮಸ್ ಹೊತ್ತುಕೊಂಡೇ ದಕ್ಷಿಣ ಧ್ರುವ ಮುಟ್ಟಿದ್ದು ಅಂದೆ. "ಅಂವಾ ಡೋಣಿಗೆ ಬಂದಿದ್ದಿಲ್ಲಲ್ಲ" ಅಂದ.

ನಡುವೆ ಒಂದು ಪ್ರಯೋಗ. ಕೊರೋನಾ ಕಾಲದ ಸ್ಯಾನಿಟೈಸರ್ ಜೆಲ್ ಮನೆಯಲ್ಲಿ ಉಳಿದಿತ್ತಲ್ವಾ, ಸ್ಪಿರಿಟ್ ಬದಲು ಅದನ್ನೇ ಬಟ್ಟಲಿಗೆ ಹಾಕಿದೆ. ಚೆಲ್ಲುವುದಿಲ್ಲ, ನಿಧಾನ ಉರಿಯುತ್ತದೆ. ಆದರೆ ಬಿಸಿಲಿನಲ್ಲಿ ಉರಿ ಕಾಣುವುದೇ ಇಲ್ಲ. ಆರಿದೆ ಅಂತ ಬೆರಳಿಟ್ಟು ಸುಟ್ಟುಕೊಂಡೆ. ಕೆಳಗೆ ಅಂಟು ಬೇರೆ ಉಳಿಯಿತು. ಬಿಟ್ಟುಬಿಟ್ಟೆ.

ಗೆದ್ದದ್ದು ಎಣ್ಣೆ ಡಬ್ಬಿ. ಹದಿನೈದು ಕೆಜಿಯ ಖಾಲಿ ಡಬ್ಬಿ ಸೀಳಿ ಮೂರು ಕಡೆ ಗೋಡೆ ಮಾಡಿದೆ. ಗಾಳಿಗೆ ಬೆನ್ನು, ನನ್ನ ಕಡೆ ಬಯಲು. ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟೆ, ಟಾಕಿ ತಣ್ಣಗಿರಬೇಕಲ್ಲ. ಸ್ಪಿರಿಟ್ ಒಂದಲ್ಲ, ಎರಡು ಸಲ. ಎರಡನೆಯದು ಆರುವ ಹೊತ್ತಿಗೆ ಮೆತ್ತಗೆ ಎರಡು ಪಂಪ್, ಭರ್ ಅನ್ನುವ ಸದ್ದು ಕಟ್ಟಿದ ಮೇಲೆ ಇನ್ನು ಹತ್ತು. ನೀಲಿ ಉರಿ!

ಒಂದು ಲೀಟರ್ ನೀರು ಏಳೆಂಟು ನಿಮಿಷಕ್ಕೆ ಕುದಿಯಿತು. ಪಕ್ಕದಲ್ಲೇ ಗೆಳೆಯನ ಹೊಸ ಗ್ಯಾಸ್ ಸ್ಟೋವ್ ಗಾಳಿಗೆ ಮೂರು ಸಲ ಆರಿತ್ತು. ನನ್ನ ಡಬ್ಬಿಯ ಗೋಡೆ ಕೇಳಿದ, ಸುಮ್ನೆ ನಕ್ಕೆ.

ಉಪ್ಪಿಟ್ಟು ಮಾತ್ರ ತಳ ಹಿಡಿಯಿತು. ಈ ಸ್ಟೋವಿನಲ್ಲಿ ಉರಿ ಸಣ್ಣ ಮಾಡಬೇಕೆಂದರೆ ಟಾಕಿಯ ಗಾಳಿ ಬಿಡಬೇಕು, ಜಾಸ್ತಿ ಬಿಟ್ಟರೆ ಆರುತ್ತದೆ. ಮುಂದಿನ ಸಲ ನಡುವೆ ಹಳೇ ರೊಟ್ಟಿ ಹಂಚು ಇಟ್ಟು ನೋಡುವವನಿದ್ದೇನೆ.