ಸ್ವಿಚ್ ಬದಲಿಸದೆ 18 ಎಪಿಗಳಿಗೆ ಪೂರ್ತಿ ಪವರ್: ನನ್ನ ಅನುಭವ

ನಮ್ಮಲ್ಲಿರುವುದು 18 ಎಪಿ, ಅಂದರೆ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್. ಅವಕ್ಕೆ ನೆಟ್‌ವರ್ಕ್ ಕೇಬಲ್‌ನಲ್ಲೇ ಪವರ್ ಕೂಡ ಕೊಡುವುದು ಒಂದು ಸ್ವಿಚ್. ಸಿಗ್ನಲ್ ಫುಲ್, ಸ್ಪೀಡ್ ಮಾತ್ರ ಇಲ್ಲ. ಜನ ಜಾಸ್ತಿ ಸೇರಿದ ಹೊತ್ತಲ್ಲೇ ದೂರದ ಮೂರು ಎಪಿ ತಾವಾಗಿ ರೀಬೂಟ್ ಆಗುತ್ತಿದ್ದವು. "ಸ್ವಿಚ್ ಬದಲಿಸಿ, ಬೇರೆ ದಾರಿಯೇ ಇಲ್ಲ" ಅಂತ ಎಲ್ಲರೂ ಹೇಳಿದರು. ಕೊಟೇಶನ್ನೂ ಬಂದಿತ್ತು. ನಾನು ಒಪ್ಪಲಿಲ್ಲ.

ಹಾಗಂತ ಮೊದಲ ಸಲವೇ ಗೆದ್ದೆ ಅನ್ನುವಂತಿಲ್ಲ. ಚಾನೆಲ್, ಫರ್ಮ್‌ವೇರ್ ಅಂತ ಎರಡು ವಾರ ಸುಮ್ನೆ ಹೋಯಿತು. ಆಮೇಲೆ ನನ್ನ ಕೈಯಿಂದ ದುಡ್ಡು ಹಾಕಿ 30 ವಾಟ್‌ನ ನಾಲ್ಕು ಇಂಜೆಕ್ಟರ್ (ಪ್ಲಗ್‌ನಿಂದ ಕರೆಂಟ್ ತೆಗೆದು ನೆಟ್‌ವರ್ಕ್ ಕೇಬಲ್‌ಗೆ ಸೇರಿಸುವ ಪೆಟ್ಟಿಗೆ) ತಂದೆ. ಹಾಕಿದ ಕಡೆ ಸ್ಪೀಡ್ ಬಂತು. ಆದರೆ 18 ಕಡೆಗೂ ಹಾಕಲು ರ‍್ಯಾಕ್‌ನಲ್ಲಿ ಅಷ್ಟು ಪ್ಲಗ್ ಎಲ್ಲಿದೆ? ಪವರ್ ಸಾಲುತ್ತಿಲ್ಲ ಅನ್ನುವುದಂತೂ ಖಾತ್ರಿಯಾಯಿತು.

ಎಪಿಯ ಸ್ಟೇಟಸ್ ಪೇಜ್ ತೆರೆದು ನೋಡಿದರೆ ಎಲ್ಲವೂ ಕಡಿಮೆ ಪವರ್‌ನ ಎಎಫ್ ಮೋಡ್‌ನಲ್ಲಿ ಕೂತಿವೆ. ಕೈಗೆ ಸಿಗುವುದು 13 ವಾಟ್ ಒಳಗೆ, ಬೇಕಾದದ್ದು 21ರ ಆಸುಪಾಸು. ಅದಕ್ಕೇ ಅರ್ಧ ರೇಡಿಯೊ ಆಫ್. ಸ್ವಿಚ್ ಅದಕ್ಕಿಂತ ಜಾಸ್ತಿ ಪವರ್‌ನ ಎಟಿ ಮೋಡ್ ಕೊಡುವಂಥದ್ದೇ. ಆದರೆ ತನಗೆಷ್ಟು ಪವರ್ ಬೇಕು ಅಂತ ಎಪಿ ಸ್ವಿಚ್‌ಗೆ ತಿಳಿಸುವ ದಾರಿಯಾದ ಎಲ್‌ಎಲ್‌ಡಿಪಿ ಇದೆಯಲ್ಲ, ಯಾರೋ ಆ ಎಲ್‌ಎಲ್‌ಡಿಪಿ ಆಫ್ ಮಾಡಿಟ್ಟಿದ್ದರು. ಕೇಳುವ ದಾರಿಯೇ ಮುಚ್ಚಿದ್ದರೆ ಎಪಿ ಜಾಸ್ತಿ ಪವರ್ ಕೇಳುವುದು ಹೇಗೆ ಅಲ್ವಾ? ಆನ್ ಮಾಡಿದೆ. ಒಂದೊಂದಾಗಿ ಎಲ್ಲ ರೇಡಿಯೊ ಎದ್ದವು.

ಎದ್ದದ್ದು 16ರಲ್ಲಿ ಮಾತ್ರ. ಸ್ವಿಚ್‌ನ ಒಟ್ಟು ಪವರ್ ಬಜೆಟ್ (ಎಲ್ಲ ಪೋರ್ಟ್ ಸೇರಿ ಕೊಡಬಲ್ಲದ್ದು) 370 ವಾಟ್. ಕೇಬಲ್ ನಷ್ಟ ಸೇರಿಸಿ ಒಂದಕ್ಕೆ ಹತ್ತಿರ ಹತ್ತಿರ 23 ಹಿಡಿದಿಡುತ್ತಿತ್ತು. ಉಳಿದ ಎರಡಕ್ಕೆ ನನ್ನ ಇಂಜೆಕ್ಟರ್‌ಗಳೇ ಒದಗಿದವು.

ದೂರದ ಆ ಮೂರು ಇನ್ನೂ ರೀಬೂಟ್ ಆಗುತ್ತಲೇ ಇದ್ದವು. ಒಂದರ ಕನೆಕ್ಟರ್ ಕತ್ತರಿಸಿ, ತಂತಿಯನ್ನು ಬ್ಲೇಡ್‌ನಿಂದ ಕೆರೆದೆ. ಮೇಲೆ ಕೆಂಪು, ಒಳಗೆಲ್ಲ ಬೆಳ್ಳಗೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ! ಆ ತುದಿಯಲ್ಲಿ ಒಂದು ಜೋಡಿ ತಂತಿ ಹೊಸೆದು, ಈ ತುದಿಯಲ್ಲಿ ಮೀಟರ್ ಹಿಡಿದೆ. 85 ಮೀಟರ್‌ಗೆ ಸುಮಾರು 26 ಓಮ್. ಒಳ್ಳೆ ತಾಮ್ರವಾದರೆ 16ರ ಒಳಗೇ ಇರಬೇಕು. ಉಳಿದೆರಡರಲ್ಲಿ ಕ್ರಿಂಪ್ (ತಂತಿಗೆ ಕನೆಕ್ಟರ್ ಒತ್ತಿ ಕೂರಿಸಿದ ಜಾಗ) ಅಲ್ಲಾಡಿಸಿದರೆ ಸಾಕು, ರೀಡಿಂಗ್ ಏರಿಳಿಯುತ್ತಿತ್ತು.

ಕಿತ್ತ ಕೇಬಲನ್ನು ಎಸೆಯಲು ಮನಸ್ಸಾಗಲಿಲ್ಲ. ಸುರುಳಿ ಸುತ್ತಿ, ಹೊಸ ಕ್ರಿಂಪ್ ಹಾಕಿ, ಅದರ ಮೂಲಕವೇ ಒಂದು ಎಪಿ ಓಡಿಸಿದೆ. ಸ್ವಿಚ್ ಕಡೆ 53 ವೋಲ್ಟ್, ಎಪಿ ಕಡೆ 47. ಒಂದು ಗಂಟೆ ಬಿಟ್ಟು ಮುಟ್ಟಿದರೆ ಸುರುಳಿಯ ನಡುಭಾಗ ಬೆಚ್ಚಗಿತ್ತು. ಅಲ್ಲಿ ಪವರ್ ಸುಮ್ನೆ ಶಾಖವಾಗಿ ಹೋಗುತ್ತಿದೆ. ಆದರೂ ಎಪಿ ಬೀಳಲಿಲ್ಲ. ಅಂದರೆ ಬೀಳಿಸುತ್ತಿದ್ದದ್ದು ಕೇಬಲ್ ಒಂದೇ ಅಲ್ಲ, ಅದರ ಜೊತೆ ಆ ಸಡಿಲ ಕ್ರಿಂಪ್.

ಮೂರು ಲೈನ್ ಮಾತ್ರ ಪೂರ್ತಿ ತಾಮ್ರದಲ್ಲಿ ಹೊಸದಾಗಿ ಎಳೆಸಿದೆ. ಇಂಜೆಕ್ಟರ್ ಸೇರಿಸಿದರೂ ಖರ್ಚು ಆ ಕೊಟೇಶನ್‌ನ ಹತ್ತನೇ ಒಂದು ಭಾಗ ದಾಟಲಿಲ್ಲ. ಕರೆಂಟ್ ಹೋಗಿ ಬಂದಾಗ ಎಲ್ಲವೂ ಒಟ್ಟಿಗೆ ಪವರ್‌ಗೆ ಮುಗಿಬೀಳದಂತೆ ಪೋರ್ಟ್‌ಗಳಿಗೆ ಒಂದು ಸರದಿ ಇಟ್ಟಿದ್ದೇನೆ. ಆ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮೂರು ತಿಂಗಳಾಯಿತು, ಒಂದೂ ತಾನಾಗಿ ರೀಬೂಟ್ ಆಗಿಲ್ಲ. ಉಳಿದ ಎರಡು ಇಂಜೆಕ್ಟರ್ ಬೀರುವಿನಲ್ಲಿ ಇವೆ.